ಕಟ್ಟೆಯ ಮೇಲೆ ಕೂತು ಕುಡಿಯುವವರಿಗೆ ಮಾತ್ರ

ಕಲಬುರಗಿಯಲ್ಲಿ ವೈನ್ ಶಾಪ್ ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳಿಗೆ ಬರವಿಲ್ಲ. ಅವುಗಳಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ನಿವೃತ್ತಿಯಾದ ಹೊಸದರಲ್ಲಿ ನಾನು ಸೇಡಂ ರಸ್ತೆಯ ಇಂಥದೊಂದು ಅಂಗಡಿಯ ಕಬ್ಬಿಣದ ಜಾಲರಿಯ ಮುಂದೆ ಹಾಡುಹಗಲಲ್ಲೇ ನಿಂತು, "ವೈನ್ ಅದ ಏನ್ರೀ?" ಎಂದು ಕೇಳಿದೆ. ಒಳಗಿದ್ದವನು ನನ್ನ ನರೆಗೂದಲು, ಕನ್ನಡಕ, ಇಳಕಲ್ ಸೀರೆ ಎಲ್ಲವನ್ನೂ ಒಂದೊಂದಾಗಿ ನೋಡಿದ. "ಮೇಡಂ, ಮೆಡಿಕಲ್ ದುಕಾನ ಬಾಜೂಕ ಅದ ನೋಡ್ರಿ" ಅಂದ. ನನ್ನ ಹಿಂದೆ ನಿಂತಿದ್ದ ಗಂಡಸರು ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. "ಮೆಡಿಕಲ್‌ಗೆ ನೀ ಹೋಗಿ ಕಣ್ಣಿನ ಔಷಧ ತೊಗೋ. ನಿನ್ನ ಬೋರ್ಡಿನ ಮ್ಯಾಲ ಏನ ಬರದದ ಓದು" ಅಂದೆ. ಅವನು ಗೊಣಗುತ್ತ ಒಳಗೆ ಹೋಗಿ, ಧೂಳು ಹಿಡಿದ ಒಂದೇ ಒಂದು ಬಾಟಲಿ ತಂದ. ಅದರ ಬೆಲೆ ಕೇಳಿ, ಅದನ್ನು ಅಲ್ಲೇ ಬಿಟ್ಟು ಬಂದೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮದುವೆಯಾಗಲಿಲ್ಲ, ಆಗಬೇಕು ಅನ್ನಿಸಲೂ ಇಲ್ಲ. ಬ್ರಹ್ಮಪುರದಲ್ಲಿ ಒಂದು ಮಹಡಿ ಮನೆಯ ಬಾಡಿಗೆದಾರಳು. ಎರಡು ಓಣಿ ಆಚೆ ನನ್ನ ಅಣ್ಣನ ಸ್ವಂತ ಮನೆ. ನಮ್ಮದು ಈರುಳ್ಳಿ ಹೆಚ್ಚುವಾಗಲೂ ಹಿಂದೆ ಮುಂದೆ ನೋಡುತ್ತಿದ್ದ ಮನೆತನ. ಅಂಥದರಲ್ಲಿ ನನಗೆ ವೈನಿನ ರುಚಿ ಹತ್ತಿದ್ದು ನಾಸಿಕದ ಕಡೆ ಶಿಕ್ಷಕಿಯರೆಲ್ಲ ಪ್ರವಾಸ ಹೋದಾಗ. ದೊಡ್ಡ ಕಂಪನಿಯ ಥಳುಕಿನ ಅಂಗಳದಲ್ಲಿ ಅಲ್ಲ. ದಾರಿ ತಪ್ಪಿ ಹೋದ ಒಂದು ತೋಟದ ಮನೆಯಲ್ಲಿ. ಅಲ್ಲಿ ಮನೆಯೊಡತಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಎದ್ದು ಸೆರಗಿಗೆ ಕೈ ಒರೆಸಿಕೊಂಡು ನಮಗೆಲ್ಲ ಸ್ಟೀಲ್ ಲೋಟದಲ್ಲಿ ಸುರಿದು ಕೊಟ್ಟಳು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನಾನು ಇನ್ನೊಂದು ಲೋಟ ಕೇಳಿದೆ.

ಅಂದಿನಿಂದ ಇದೇ ನನ್ನ ಚಟವಾಯಿತು. ಕುಡಿಯುವ ಚಟವಲ್ಲ, ಹುಡುಕುವ ಚಟ. ಸಣ್ಣ ಮನೆತನದವರು ತಮ್ಮದೇ ದ್ರಾಕ್ಷಿಯಿಂದ ಮಾಡಿ ತಮ್ಮದೇ ಅಂಗಳದಲ್ಲಿ ಮಾರುವ ವೈನ್ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು, ವಿಜಯಪುರದ ಕಡೆ ಕೆಂಪು ಬಸ್ಸಿನಲ್ಲಿ ಅಲೆದಿದ್ದೇನೆ. ಅಲೆದು ಕಲಿತದ್ದೂ ಇದೆ. ಬಾಗಿಲಲ್ಲಿ ಬಣ್ಣ ಬಳಿದ ಪೀಪಾಯಿ ನಿಲ್ಲಿಸಿದ್ದರೆ ಇಳಿಯಲೇಬಾರದು, ಆ ಬಣ್ಣದ ದುಡ್ಡು ನಮ್ಮ ಕೈಯಿಂದಲೇ ಹೋಗುತ್ತದೆ. ಹೊಸ ಸುಗ್ಗಿಗೆ ಸ್ವಲ್ಪ ಮುಂಚೆ ಹೋಗಬೇಕು. ಹೊಸ ರಸ ತುಂಬಲು ಟ್ಯಾಂಕು ಖಾಲಿಯಾಗಬೇಕಲ್ಲ, ಆಗ ಅಗ್ಗಕ್ಕೆ ಕೊಡುತ್ತಾರೆ, ಸಂತೋಷದಿಂದಲೇ ಕೊಡುತ್ತಾರೆ. ದಿನಕ್ಕೆ ಒಂದು ಸಣ್ಣ ಲೋಟ, ಜೋಳದ ರೊಟ್ಟಿ, ಪುಂಡಿಪಲ್ಯ. ಬಾಗಿಲು ತೆಗೆದಿಟ್ಟೇ ಕುಡಿಯುತ್ತೇನೆ. ಓಣಿಯವರು ನನ್ನನ್ನು ಬೆನ್ನ ಹಿಂದೆ 'ಕುಡಿಯೋ ಟೀಚರ್' ಅನ್ನುತ್ತಾರೆ. ಅನ್ನಲಿ. ಅವರ ಮಕ್ಕಳು ನನ್ನ ಕೈಯಲ್ಲೇ ಕಲಿತು ಪಾಸಾಗಿವೆ.

ಇಷ್ಟೆಲ್ಲ ಅಲೆದ ಮೇಲೆ, ಅತ್ಯಂತ ಒಳ್ಳೆಯ ವೈನು ನನ್ನ ಕಾಲಬುಡದಲ್ಲೇ ಇತ್ತು ಎಂದು ತಿಳಿದಾಗ ನಗು ಬಂತು. ಕಮಲಾಪುರಕ್ಕೆ ಹೋಗಿದ್ದು ಕೆಂಪು ಬಾಳೆಹಣ್ಣಿಗೆ. ರಸ್ತೆಯ ಬದಿ ಹಣ್ಣು ಮಾರುತ್ತಿದ್ದಾಕೆ ನನ್ನ ಚೀಲದಲ್ಲಿ ಕಾರ್ಕು ತೆಗೆಯುವ ಸ್ಕ್ರೂ ನೋಡಿ, "ಇದೇನ್ರೀ ಅಕ್ಕಾರ?" ಎಂದಳು. ಹೇಳಿದೆ. ಆಕೆ ಕೈ ಎತ್ತಿ ಹೊಲದ ಕಡೆ ತೋರಿಸಿದಳು: "ಅಲ್ಲೊಬ್ಬರು ದ್ರಾಕ್ಷಿ ಹಿಂಡಿ ಏನೋ ಮಾಡ್ತಾರಂತ ನೋಡ್ರಿ. ಸರ್ಕಾರದ ಲೈಸೆನ್ಸ್ ಅದ ಅಂತಾರ."

ಕೆಂಪು ಮಣ್ಣಿನ ದಾರಿ. ಶಹಾಬಾದ ಕಲ್ಲಿನ ಗೋಡೆಯ ಮನೆ, ಪಕ್ಕದಲ್ಲಿ ತಗಡಿನ ಶೆಡ್ಡು. ಒಳಗೆ ಎರಡು ಸ್ಟೀಲ್ ಟ್ಯಾಂಕು. ಗಂಡ ವಿಜಯಪುರದ ಕಡೆ ದೊಡ್ಡ ವೈನರಿಯೊಂದರಲ್ಲಿ ಕೂಲಿ ಮಾಡುತ್ತಲೇ ಕೆಲಸ ಕಲಿತವನು. ಅವನಿಗೆ ಮಾತು ಕಡಿಮೆ, ಟ್ಯಾಂಕಿಗೆ ಕಿವಿ ಹಚ್ಚಿ ರಸ ಹುಳಿಯುವ ಸದ್ದು ಕೇಳುತ್ತ ನಿಂತರೆ ಅಷ್ಟೇ. ವ್ಯವಹಾರವೆಲ್ಲ ಹೆಂಡತಿಯದು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಬಿರುಸು ನಡಿಗೆ, ಹಣೆಯ ಮೇಲೆ ದೊಡ್ಡ ಕುಂಕುಮ. ಮನೆಯ ಮುಂದೆ ದಾರಿಗೆ ಮುಖ ಮಾಡಿದ ಕಲ್ಲಿನ ಕಟ್ಟೆ, ಆ ಕಟ್ಟೆಯ ಮೇಲೆ ಆಕೆಯ ಮಾವ, ಊರಿಗೆಲ್ಲ ಅಜ್ಜನಾದ ಮುತ್ಯಾ.

ಬಾಟಲಿ ಕೊಡಿ ಎಂದೆ. ಮುತ್ಯಾ ಕಟ್ಟೆ ತಟ್ಟಿದರು. "ಕುಂಡ್ರು ಯವ್ವಾ. ಮೊದಲ ಇಲ್ಲಿ ಕುಂತು, ದಾರಿ ಕಡಿ ಮಾರಿ ಮಾಡಿ, ಒಂದು ಲೋಟ ಕುಡಿಬೇಕು. ಆಮ್ಯಾಲ ಬಾಟಲಿ."

"ಯಾಕ್ರೀ ಮುತ್ಯಾ?"

"ಶೆಡ್ಡು ಹಾಕೂ ಮುಂದ ಊರಾಗಿನ ದೊಡ್ಡ ಮಂದಿ ಎಲ್ಲಾರೂ ಕೂಡಿ ಬ್ಯಾಡ ಅಂದ್ರು. ಊರು ಕೆಡ್ತದ ಅಂದ್ರು. ಲೈಸೆನ್ಸ್ ಬಂತು. ಅದೇ ಮಂದಿ ಕತ್ತಲಾದ ಮ್ಯಾಲ ಪ್ಲಾಸ್ಟಿಕ್ ಕ್ಯಾನ್ ಹಿಡಕೊಂಡು ಹಿತ್ತಲ ಬಾಗಲಕ್ಕ ಬಂದ್ರು. ಅವತ್ತೇ ಹೇಳೀನಿ, ಕದ್ದು ಕುಡಿಯೋರಿಗೆ ನಮ್ಮ ಮನ್ಯಾಗ ಒಂದು ಹನಿ ಇಲ್ಲ. ಕದ್ದು ಕುಡಿದಾಂವ ನಾಳಿ ಸಿಕ್ಕಿಬಿದ್ರ ನಮ್ಮ ಹೆಸರೇ ಹೇಳ್ತಾನ."

ಎಂಥ ಮಾತು! ನಾನು ಕಟ್ಟೆ ಮೇಲೆ ಕೂತೆ. ದಾರಿಯಲ್ಲಿ ಎತ್ತಿನ ಗಾಡಿ ಹೋಯಿತು, ಕಾಲೇಜಿನ ಹುಡುಗಿಯರು ಹೋದರು, ಟಂಟಂ ಆಟೋ ಹೋಯಿತು. ಲೋಟ ಮುಗಿಸಿದೆ. ಸ್ವಲ್ಪ ಒಗರು, ಕೊನೆಗೆ ನೇರಳೆಹಣ್ಣಿನ ಹಾಗೆ ನಾಲಿಗೆ ಹಿಡಿಯುವ ರುಚಿ. ಬೆಲೆ ಕೇಳಿದರೆ ಸೇಡಂ ರಸ್ತೆಯ ಧೂಳಿನ ಬಾಟಲಿಯ ಮೂರರಲ್ಲಿ ಒಂದು ಪಾಲೂ ಇಲ್ಲ. ಹೊರಡುವಾಗ ಆಕೆ ಕೊಸರಿಗೆಂದು ಎರಡು ಕೆಂಪು ಬಾಳೆಹಣ್ಣು ಚೀಲಕ್ಕೆ ಹಾಕಿದಳು.

ನಾನು ಮಾಡಿದ ದೊಡ್ಡ ಮೂರ್ಖತನವೆಂದರೆ ಈ ಸಂತೋಷವನ್ನು ಅಣ್ಣನ ಮನೆಯಲ್ಲಿ ಹೇಳಿಕೊಂಡದ್ದು.

ಅಣ್ಣನ ಬಗ್ಗೆ ಹೇಳಬೇಕು. ಬಟ್ಟೆ ಅಂಗಡಿ, ಬಿಳಿ ಅಂಗಿ, ವಿಭೂತಿ, ಕಲ್ಯಾಣ ಮಂಟಪದ ಕಮಿಟಿಯಲ್ಲಿ ಕುರ್ಚಿ. ಯಾವ ಸಭೆಯಲ್ಲಿ ಮೈಕು ಸಿಕ್ಕರೂ ಕುಡಿತದಿಂದ ಸಮಾಜ ಹೇಗೆ ಹಾಳಾಗುತ್ತಿದೆ ಎಂದು ಅರ್ಧ ಗಂಟೆ ಮಾತಾಡುತ್ತಾನೆ. ಆ ಮಾತಿನ ನಡುವೆ ನನ್ನ ಕಡೆ ಒಮ್ಮೆ ನೋಡುತ್ತಾನೆ, ಜನರೂ ನೋಡುತ್ತಾರೆ. ಹೇಳೋದು ಶಾಸ್ತ್ರ, ಹಾಕೋದು ಗಾಳ. ಯಾಕೆಂದರೆ ಇದೇ ಅಣ್ಣ, ನಾನು ಕಮಲಾಪುರದ ಮಾತೆತ್ತಿದ ಮರುದಿನವೇ ನನ್ನ ಮನೆಯ ಮೆಟ್ಟಿಲು ಹತ್ತಿ ಬಂದ. ಬಾಗಿಲು ತಾನೇ ಮುಚ್ಚಿದ.

"ಎದಿಗೆ ಛಲೋ ಅಂತಾರಲ್ಲ, ಡಾಕ್ಟ್ರು? ಜರಾ ಎರಡು ಬಾಟಲಿ ನನಗೂ ತಂದು ಕೊಡು."

ತಂದು ಕೊಟ್ಟೆ. ಎರಡು ನಾಲ್ಕಾಯಿತು. ಆಮೇಲೆ ಡಜನ್ ಬೇಕು ಎಂದ, ಅಗ್ಗಕ್ಕೆ ಬೇಕು ಎಂದ, ರೇಟು ತಾನೇ ಮಾತಾಡುತ್ತೇನೆ ಎಂದ. ಕಳೆದ ಚಳಿಗಾಲ ಮುಗಿಯುವ ಹೊತ್ತಿಗೆ ನನ್ನನ್ನೂ ಕೂರಿಸಿಕೊಂಡು ತನ್ನ ಕಾರಿನಲ್ಲೇ ಕಮಲಾಪುರಕ್ಕೆ ಬಂದ. ಆದರೆ ಕಾರಿನಿಂದ ಇಳಿಯಲಿಲ್ಲ. ಕಪ್ಪು ಗಾಜನ್ನು ನಾಲ್ಕು ಬೆರಳು ಇಳಿಸಿ, ಆ ಸಂದಿಯಿಂದಲೇ ವ್ಯಾಪಾರ ಶುರು ಮಾಡಿದ.

"ಡಜನ್ ತೊಗೊಂತೀನಮ್ಮ. ರೇಟ್ ಕಮ್ತಿ ಮಾಡು."

"ಅಣ್ಣಾರ, ಇಳದು ಬರ್ರಿ. ಕಟ್ಟಿ ಮ್ಯಾಲ ಕುಂತು ಒಂದು ಲೋಟ ರುಚಿ ನೋಡ್ರಿ" ಎಂದಳು ಆಕೆ.

"ಏ, ಅದೆಲ್ಲ ಬ್ಯಾಡ. ನಾಕ ಮಂದಿ ಓಡಾಡೋ ಹಾದಿ."

ಮುತ್ಯಾ ಕಟ್ಟೆಯಿಂದಲೇ ಕೈ ಅಲ್ಲಾಡಿಸಿದರು, ಕೊಡಬೇಡ ಎಂದು. ನಾನೂ ಆಕೆಯ ಕಿವಿಯಲ್ಲಿ ಹೇಳಿದೆ, "ಕೊಡಬ್ಯಾಡ ತಂಗಿ. ನಮ್ಮಣ್ಣ ಅಂತ ನೋಡಬ್ಯಾಡ." ಆಕೆ ಶೆಡ್ಡಿನ ಕಡೆ ನೋಡಿದಳು, ಆಮೇಲೆ ತೋಟದ ಕಡೆ. ಬಳ್ಳಿಯ ಮೇಲೆ ದ್ರಾಕ್ಷಿ ಕಪ್ಪಾಗುತ್ತಿತ್ತು. ಟ್ಯಾಂಕಿನಲ್ಲಿ ಹಳೆಯದು ಇನ್ನೂ ಉಳಿದಿತ್ತು. ಖಾಲಿಯಾಗದಿದ್ದರೆ ಹೊಸ ದ್ರಾಕ್ಷಿ ಎಲ್ಲಿ ಹಿಂಡಬೇಕು? ಬಳ್ಳಿ ಕಾಯುವುದಿಲ್ಲ. ಆಕೆ ಕೊಟ್ಟಳು. ಅಣ್ಣ ಹೇಳಿದ ರೇಟಿಗೇ ಕೊಟ್ಟಳು. ಸಾಲದೆಂದು ಅವನು, "ಕೊಸರಿಗೆ ಇನ್ನೊಂದು ಹಾಕು" ಎಂದ, ಅದನ್ನೂ ಹಾಕಿದಳು. ಮುತ್ಯಾ ಮುಖ ಆಚೆ ತಿರುಗಿಸಿಕೊಂಡರು. ದಾರಿಯುದ್ದಕ್ಕೂ ಅಣ್ಣ ಹಿಗ್ಗುತ್ತಿದ್ದ, ಎಷ್ಟು ಅಗ್ಗಕ್ಕೆ ಹೊಡೆದೆ ನೋಡು ಎಂದು. ನನಗೆ ಅವನ ಪಕ್ಕದಲ್ಲಿ ಕೂತಿದ್ದಕ್ಕೇ ನಾಚಿಕೆಯಾಯಿತು.

ಮನೆಯಲ್ಲಿ ಅವನು ಮಾಡುತ್ತಿದ್ದುದು ಇಷ್ಟು. ರೋಜಾ ಬಡಾವಣೆಯ ಅಂಗಡಿಯಿಂದ ತಂದ ಗುಲಾಬಿ ಶರಬತ್ತಿನ ಖಾಲಿ ಬಾಟಲಿಗೆ ವೈನು ಸುರಿದು, ಫ್ರಿಜ್ಜಿನ ಕೆಳಗಿನ ಮೂಲೆಯಲ್ಲಿಡುವುದು. ಅತ್ತಿಗೆ ಕೇಳಿದರೆ, "ಹಕೀಮರ ಔಷಧ ಅದ, ಎದಿಗೆ. ಯಾರೂ ಕುಡಿಬ್ಯಾಡ್ರಿ" ಎನ್ನುವುದು. ಖಾಲಿಯಾದ ಕಮಲಾಪುರದ ಬಾಟಲಿಗಳನ್ನು ಏನು ಮಾಡಬೇಕು? ಅವನ ಮನೆಯ ಕಸದಲ್ಲಿ ಹಾಕುವಂತಿಲ್ಲ, ಕಸದವಳು ನೋಡುತ್ತಾಳೆ. ಅದಕ್ಕೆ ಪತ್ರಿಕೆಯಲ್ಲಿ ಸುತ್ತಿ ನನ್ನ ಮನೆಗೆ ತರುತ್ತಿದ್ದ. "ನಿನ್ನ ಕಸದಾಗ ಹಾಕು. ನಿನಗ ಹ್ಯಾಂಗೂ ಎಲ್ಲಾರಿಗೂ ಗೊತ್ತದ." ಹೀಗಾಗಿ ಓಣಿಯ ಲೆಕ್ಕದಲ್ಲಿ ಅವನ ಡಜನ್ನೂ ನಾನೇ ಕುಡಿದದ್ದು. ನಾನು ಆ ಬಾಟಲಿಗಳನ್ನು ಒಂದು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಕಮಲಾಪುರಕ್ಕೆ ಒಯ್ದು ಕೊಟ್ಟರೆ ತೊಳೆದಾದರೂ ಬಳಸಿಯಾರು ಎಂಬ ಆಸೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಎಷ್ಟು ದಿನ? ಬಿಸಿಲು ಏರುತ್ತಿದ್ದ ಹೊತ್ತಿನಲ್ಲಿ ಅಣ್ಣನ ಮಗಳನ್ನು ನೋಡಲು ಸೇಡಂ ಕಡೆಯಿಂದ ಬೀಗರಾಗುವವರು ಬಂದರು. ಹುಡುಗ, ಹುಡುಗಿ ಮೊದಲೇ ಮಾತಾಡಿಕೊಂಡಿದ್ದರು, ಇದು ಹಿರಿಯರ ಶಾಸ್ತ್ರ. ಬರುತ್ತೇವೆ ಎಂದವರಿಗಿಂತ ಬಂದವರು ಹೆಚ್ಚು. ಅಂದಿಗೆಂದು ಕರೆಸಿದ್ದ ಅಡುಗೆಯಾಕೆ ಶರಬತ್ತು ತೀರಿತೆಂದು ಫ್ರಿಜ್ಜಿನಲ್ಲಿ ಕೈ ಹಾಕಿದಳು. ಮೂಲೆಯಲ್ಲಿ ಇನ್ನೊಂದು ಗುಲಾಬಿ ಶರಬತ್ತಿನ ಬಾಟಲಿ ಕಂಡಿತು. ನೀರು, ಸಕ್ಕರೆ, ಸಬ್ಜಾ ಬೀಜ ಹಾಕಿ ಕದಡಿ, ಗಾಜಿನ ಲೋಟಗಳಲ್ಲಿ ಚಂದವಾಗಿ ಕಳಿಸಿದಳು.

ಹುಡುಗನ ಸೋದರಮಾವ ಮೊದಲು ಗುಟುಕು ಹಾಕಿದರು. ದಪ್ಪ ಮೀಸೆ, ಸಫಾರಿ, ಆ ಮನೆತನದಲ್ಲಿ ಅವರದೇ ಮಾತು ನಡೆಯುವುದಂತೆ. ಲೋಟ ಮೂಗಿನ ಹತ್ತಿರ ಹಿಡಿದು, ಇನ್ನೊಂದು ಗುಟುಕು ಹಾಕಿ ಖಾತ್ರಿ ಮಾಡಿಕೊಂಡು, ಟೀಪಾಯಿಯ ಮೇಲೆ ಕುಟ್ಟಿದರು. "ಏನಿದು? ಶೆರೆ ಅಲ್ಲೇನು ಇದು? ಹೆಣ್ಣು ನೋಡಲಾಕ ಬಂದವರಿಗೆ ಶೆರೆ ಕುಡಸ್ತೀರೇನು?"

ಹುಡುಗನ ಅಜ್ಜಿ ಬಾಯಲ್ಲಿದ್ದುದನ್ನು ಸೆರಗಿಗೆ ಉಗುಳಿದಳು. ಎಲ್ಲರೂ ಅಣ್ಣನ ಕಡೆ ತಿರುಗಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಣ್ಣನ ಮುಖ ಬಿಳಿಚಿತು, ಒಂದು ಕ್ಷಣ ಅಷ್ಟೇ. ಆಮೇಲೆ ಅವನ ಬಾಯಿಂದ ಬಂದ ಮಾತು ಕೇಳಿ ನನ್ನ ಮೈ ಉರಿದು ಹೋಯಿತು.

"ಕಮಲಾಪುರದಾಗ ಒಬ್ಬಾಕಿ ಕೊಟ್ಳುರಿ! ದ್ರಾಕ್ಷಿ ಶರಬತ್ತು ಅಂತ ಹೇಳಿ ಕೊಟ್ಟಾಳ! ಮೋಸ ಮಾಡ್ಯಾಳ! ನಮ್ಮ ಮನ್ಯಾಗ ಇಂಥಾದ್ದು ಯಾವತ್ತೂ ಹೊಸ್ತಿಲ ದಾಟಿ ಬಂದಿಲ್ರಿ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಿಗೆ ನನ್ನ ಮುಂಗೈ ಹಿಡಿದಳು, ಬಳೆ ಒತ್ತುವಷ್ಟು ಬಿಗಿಯಾಗಿ. "ಹುಡುಗಿ ಮಾರಿ ನೋಡ್ರಿ, ಈಗ ಬ್ಯಾಡ" ಎಂದು ಪಿಸುಗುಟ್ಟಿದಳು. ಹುಡುಗಿ ಗೋಡೆಗೆ ಒರಗಿ ಅಳುತ್ತಿದ್ದಳು. ಸೋದರಮಾವ ಆಗಲೇ ಎದ್ದು ಚಪ್ಪಲಿ ಹಾಕಿಕೊಂಡಿದ್ದರು. "ಖರೇನ ಮೋಸ ಆಗಿದ್ರ ನಾಳಿ ಹೋಗೂಣ ನಡೀರಿ. ಮೊದಲ ಅಕಿ ಮನಿಗೆ, ಆಮ್ಯಾಲ ಅಬಕಾರಿ ಕಚೇರಿಗೆ. ನಿಮ್ಮ ಕೈಲೇ ಅರ್ಜಿ ಕೊಡ್ರಿ. ಆ ಶೆಡ್ಡಿಗೆ ಕೀಲಿ ಬೀಳಬೇಕು. ನೀವು ಬರಲಿಲ್ಲಂದ್ರ ನಾವು ಬ್ಯಾರೇನೇ ತಿಳಕೋತೀವಿ."

"ಬರ್ತೀನ್ರಿ, ಯಾಕ ಬರಂಗಿಲ್ಲ?" ಎಂದ ನನ್ನ ಅಣ್ಣ.

ಅವರು ಹೋದ ಮೇಲೆ ನಾನು ಅವನನ್ನು ಬಿಡಲಿಲ್ಲ. ಅಂಗಳದಲ್ಲೇ ಹಿಡಿದೆ. "ನಿನಗ ನಾಚಿಕಿ ಅದ ಏನು? ಈಗ ದ್ರಾಕ್ಷಿ ಕೊಯ್ಲಿಗೆ ಬಂದಾವ. ಇವತ್ತು ಶೆಡ್ಡಿಗೆ ಕೀಲಿ ಬಿದ್ರ ಅಷ್ಟೂ ಹಣ್ಣು ಬಳ್ಳಿ ಮ್ಯಾಲ ಕೊಳಿತಾವ. ಲೈಸೆನ್ಸ್ ಹೋದ್ರ ಮತ್ತ ಬರಂಗಿಲ್ಲ. ನೀ ಕುಡದಿದ್ದಕ್ಕ ಅಕಿ ಮನಿ ಮುಣಗಸ್ತೀ?"

"ಮೆತ್ತಗ ಮಾತಾಡು, ಬಾಜೂದವರು ಕೇಳ್ತಾರ" ಎಂದ ಅವನು. ಆಮೇಲೆ ಇನ್ನೂ ಮೆತ್ತಗೆ, "ಅಕಿ ಯಾರು ನಿನಗ? ಬಳಗೇನು, ಬೀಗರೇನು? ಒಂದು ವರ್ಷ ಕೀಲಿ ಬಿದ್ರ ಸತ್ತು ಹೋಗ್ತಾರೇನು? ನನ್ನ ಮಗಳ ಲಗ್ನ ಅದ, ನನ್ನ ಇಜ್ಜತ್ ಅದ. ನಿನಗ ವೈನ್ ಬೇಕಂದ್ರ ಬ್ಯಾರೆ ಕಡಿ ಸಿಗ್ತದ" ಎಂದ.

ಥೂ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. ಅವನ ಮಗಳ ಲಗ್ನ ನನಗೂ ಬೇಕಿತ್ತು. ಅವಳನ್ನು ಎತ್ತಿ ಆಡಿಸಿದವಳು ನಾನು. ಆದರೆ ಒಬ್ಬರ ಮನೆಯ ಒಲೆ ಆರಿಸಿ ಇನ್ನೊಬ್ಬರ ಮನೆಯಲ್ಲಿ ಮದುವೆಯ ಅಡುಗೆ ಮಾಡುತ್ತಾರೆಯೇ?

ಬೆಳಿಗ್ಗೆ ಮೊದಲ ಬಸ್ಸು ಹಿಡಿಯಲು ಗೋಣಿಚೀಲ ಎಳೆದುಕೊಂಡು ಕೆಳಗಿಳಿದೆ. ಆ ಬಾಟಲಿಗಳ ಮೇಲೆಲ್ಲ ಕಮಲಾಪುರದ ಚೀಟಿ ಇತ್ತು, ಸರ್ಕಾರದ ಎಚ್ಚರಿಕೆಯ ಸಾಲು ಇತ್ತು, ವೈನ್ ಎಂದು ದಪ್ಪ ಅಕ್ಷರವಿತ್ತು. ಶರಬತ್ತು ಎಂದು ಕೊಟ್ಟಳೆಂಬ ಮಾತು ಸುಳ್ಳೆಂದು ತೋರಿಸಲು ಅಷ್ಟು ಸಾಕು ಎಂದುಕೊಂಡೆ. ಓಣಿಯ ತಿರುವಿನಲ್ಲಿ ಅತ್ತಿಗೆ ನಿಂತಿದ್ದಳು, ಕೈಯಲ್ಲಿ ಪರ್ಸು ಬಿಟ್ಟರೆ ಏನೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅವಳು ಒಬ್ಬಳೇ ಬಸ್ಸು ಹತ್ತಿದ್ದು ನಾನು ನೋಡಿಲ್ಲ.

"ನಾನೂ ಬರ್ತೀನಿ" ಎಂದಳು.

"ಯಾಕ?"

"ಸುಮ್ನ ನಡೀರಿ."

ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಚೀಲ ಖಣಖಣ ಅನ್ನುತ್ತಿತ್ತು. ಕಂಡಕ್ಟರ್ ಬಂದು, "ಇದ್ರಾಗ ಏನದ್ರಿ?" ಎಂದ. "ನಮ್ಮಣ್ಣನ ಇಜ್ಜತ್" ಎಂದೆ. ಅತ್ತಿಗೆ ನಗಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತಿದ್ದಳು.

ನಾವು ಹೋಗುವಷ್ಟರಲ್ಲಿ ಕಮಲಾಪುರದ ಅಂಗಳದಲ್ಲಿ ಕೊಯ್ಲಿನ ಸಡಗರ. ಕ್ರೇಟುಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ನಾನು ನಡೆದದ್ದನ್ನು ಹೇಳುವಾಗ ಆ ಹೆಣ್ಣುಮಗಳು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಡಲಿಲ್ಲ. ಹೇಳಿ ಮುಗಿಸುವ ಮೊದಲೇ ಕಾರು ಬಂದು ನಿಂತಿತು. ಸೋದರಮಾವ ಇಳಿದರು, ಜೊತೆಗೆ ಅವರ ಕಡೆಯ ಇಬ್ಬರು. ಅಣ್ಣ ಕೊನೆಗೆ ಇಳಿದ. ಈ ಸಲ ಇಳಿದ! ನಮ್ಮಿಬ್ಬರನ್ನು ನೋಡಿ ಬಾಗಿಲ ಹಿಡಿಯನ್ನು ಬಿಡಲೇ ಇಲ್ಲ.

"ಏನಮ್ಮಾ, ಶರಬತ್ತು ಅಂತ ಶೆರೆ ಮಾರ್ತೀಯೇನು?" ಸೋದರಮಾವ ಗದರಿದರು.

"ನಾ ಶರಬತ್ತು ಮಾಡಂಗೇ ಇಲ್ರಿ" ಎಂದಳು ಆಕೆ. ದನಿ ಇಳಿಸಲಿಲ್ಲ. "ನಮ್ಮಲ್ಲಿ ಒಂದೇ ಮಾಲು. ಚೀಟಿ ಹಚ್ಚಲಾರದ ಒಂದು ಬಾಟಲಿ ಈ ಅಂಗಳ ದಾಟಂಗಿಲ್ಲ. ಇವರು ಡಜನ್ ತೊಗೊಂಡು ಹೋಗ್ಯಾರ. ಏನು ಅಂತ ಗೊತ್ತಿದ್ದೇ ತೊಗೊಂಡಾರ."

"ಸುಳ್ಳು!" ಅಣ್ಣ ಕೂಗಿದ.

ದಾರಿಯಲ್ಲಿ ಹೋಗುವವರು ನಿಂತರು. ದ್ರಾಕ್ಷಿ ಕೊಯ್ಯಲು ಬಂದ ಹೆಣ್ಣಾಳುಗಳು ತೋಟದಿಂದ ಹೊರಬಂದರು. ನಾನು ಗೋಣಿಚೀಲವನ್ನು ಅಂಗಳದ ನಡುವೆ ಸುರಿದೆ. ಬಾಟಲಿಗಳು ಉರುಳಿ ಸೋದರಮಾವನ ಬೂಟಿಗೆ ಬಡಿದವು. "ನೋಡ್ರಿ! ಇವೇ ಅವು. ಓದಲಾಕ ಬರ್ತದಲ್ಲ? ಇದ್ರಾಗ ಎಲ್ಲಿ ಶರಬತ್ತು ಅಂತ ಬರದದ? ಇವನ್ನ ಕುಡದಾಂವ ನಮ್ಮಣ್ಣ. ಶರಬತ್ತಿನ ಬಾಟಲಿಗೆ ಸುರಕೊಂಡಾಂವ ನಮ್ಮಣ್ಣ!"

ಅಣ್ಣ ನನ್ನ ಕಡೆ ಬೆರಳು ಮಾಡಿದ. ಬೆರಳು ಸ್ವಲ್ಪವೂ ಅಲುಗಲಿಲ್ಲ.

"ಅವು ಇಕಿ ಬಾಟಲಿರಿ! ಇಕಿ ಕುಡೀತಾಳ! ಬ್ರಹ್ಮಪುರದಾಗ ಯಾರನ್ನ ಬೇಕಾದ್ರೂ ಕೇಳ್ರಿ, ನಮ್ಮ ತಂಗಿ ಕುಡಕಿ ಅಂತ ಹೇಳ್ತಾರ! ಇಕಿ ಸಲುವಾಗಿ ನಾನು ತಲಿ ಎತ್ತಿ ತಿರುಗಿಲ್ಲ. ಕುಡಕಿ ಮಾತು ನಂಬ್ತೀರೇನು ನೀವು?"

ನನಗೆ ಸಿಟ್ಟು ಎಷ್ಟಿತ್ತೆಂದರೆ ಕಣ್ಣಲ್ಲಿ ನೀರು ಬಂತು, ಆ ನೀರಿನ ಮೇಲೆ ಮತ್ತೆ ಸಿಟ್ಟು ಬಂತು. ಸೋದರಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೇಡಂ ರಸ್ತೆಯ ಅಂಗಡಿಯವನು ನೋಡಿದ ಹಾಗೆಯೇ. ನಡೀರಿ ಕಚೇರಿಗೆ, ಎಂದು ಕಾರಿನ ಕಡೆ ತಿರುಗಿದರು.

ಆಗ ಅತ್ತಿಗೆ ಮಾತಾಡಿದಳು. ದನಿ ಎತ್ತಲಿಲ್ಲ. ಅವಳಿಗೆ ದನಿ ಎತ್ತಿ ಗೊತ್ತೇ ಇಲ್ಲ.

"ಮನ್ಯಾಗ ನನಗ ಔಷಧ ಅಂತ ಹೇಳಿದ್ರಿ. ಹಕೀಮರು ಕೊಟ್ಟಾರ, ಎದಿಗೆ ಅಂತ ಹೇಳಿದ್ರಿ. ದಿನಾ ಊಟಕ್ಕ ಮೊದಲ ನಾನೇ ಲೋಟಕ್ಕ ಹಾಕಿ ಕೊಟ್ಟೀನಿ. ಹುಡುಗಿ ಒಮ್ಮಿ ಬಾಯಿಗೆ ಹಚ್ಚಲಾಕ ಹೋದ್ರ ಕೈ ಮ್ಯಾಲ ಹೊಡದ್ರಿ. ಇಲ್ಲಿ ಶರಬತ್ತು ಅಂತೀರಿ. ಶರಬತ್ತಾಗಿದ್ರ ಮಗಳಿಗೆ ಯಾಕ ಕೊಡಲಿಲ್ಲ?"

ಅತ್ತಿಗೆ ಸೋದರಮಾವನ ಕಡೆ ತಿರುಗಿ ಕೈ ಮುಗಿದಳು. "ಅಣ್ಣಾರ, ನಮ್ಮ ಹುಡುಗಿನ್ನ ಮಾಡ್ಕೊಳ್ರಿ, ಬಿಡ್ರಿ, ನಿಮ್ಮ ಮನಸ್ಸು. ಈಕಿದೇನೂ ತಪ್ಪಿಲ್ಲ. ತಪ್ಪು ನಮ್ಮ ಫ್ರಿಜ್ಜಿನಾಗ ಅದ." ಇಷ್ಟು ಹೇಳಿ ಬಗ್ಗಿ, ಉರುಳಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕತೊಡಗಿದಳು. ಕಮಲಾಪುರದಾಕೆಯೂ ಬಗ್ಗಿದಳು. ನಾನೂ ಬಗ್ಗಿದೆ. ಗಂಡಸರೆಲ್ಲ ನಿಂತೇ ಇದ್ದರು. ಮುತ್ಯಾ ಒಬ್ಬರೇ, ಕಟ್ಟೆಯ ಮೇಲೆ ಕೂತಲ್ಲಿಂದ, "ಕಾರಿನಾಗ ಕುಂತು ರೇಟ್ ಮಾಡಿದಾಗೇ ನನಗ ಗೊತ್ತಿತ್ತು" ಎಂದರು.

ಅರ್ಜಿ ಹೋಗಲಿಲ್ಲ. ಅಂದು ಮಧ್ಯಾಹ್ನವೇ ಕೊಯ್ಲು ಶುರುವಾಯಿತು.

ಆ ಚೀಲವನ್ನು ಅತ್ತಿಗೆ ಕಮಲಾಪುರದಲ್ಲೂ ಬಿಡಲಿಲ್ಲ, ನನ್ನ ಮನೆಗೂ ಬರಗೊಡಲಿಲ್ಲ. ಇವು ನಮ್ಮ ಮನಿವು, ನಮ್ಮ ಬಾಗಿಲಿಂದನ ಹೋಗಲಿ ಎಂದು ತನ್ನ ಮನೆಗೆ ಒಯ್ದಳು. ಮರುದಿನ ಕಸದ ಗಾಡಿ ಹಾಡು ಹಾಕಿಕೊಂಡು ಓಣಿಗೆ ಬಂದಾಗ, ಅಣ್ಣ ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತಿರುವಾಗಲೇ, ಅವನ ಮುಂದೆಯೇ ಚೀಲ ಎಳೆದುಕೊಂಡು ಹೋಗಿ ಕಸದವಳ ಕೈಗೆ ಕೊಟ್ಟಳಂತೆ. ಕಸದವಳು, "ಯಾರವ್ರಿ ಅವ್ವಾರ ಇವು?" ಎಂದಿದ್ದಕ್ಕೆ, "ನಮ್ಮ ಮನಿಯವರದವ್ವ" ಎಂದಳಂತೆ. ನನಗೆ ಇದನ್ನು ಹೇಳಿದ್ದು ಅವನ ಮಗಳು, ಹೇಳುವಾಗ ಮೊದಲ ಸಲ ನಕ್ಕಳು.

ಮದುವೆ ನಿಂತಿತು ಎಂದುಕೊಂಡೆವು. ನಿಲ್ಲಲಿಲ್ಲ. ಸ್ವಲ್ಪ ದಿನಕ್ಕೆ ಸೇಡಂನಿಂದ ಫೋನು ಬಂತು. ಅದೇ ಸೋದರಮಾವ. "ಅದೇನ ದೊಡ್ಡ ಮಾತು ಬಿಡ್ರಿ. ಈಗಿನ ಕಾಲದಾಗ ಯಾರು ಕುಡಿಯಂಗಿಲ್ಲ? ಗಂಡಸರಂದ ಮ್ಯಾಲ ನಡೀತದ" ಎಂದರಂತೆ. ಹುಡುಗಿಯ ಮಟ್ಟಿಗೆ ನನಗೆ ಸಂತೋಷವಾಯಿತು, ಖರೆ. ಆದರೆ ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನಡೀತದಂತೆ! ನಡೆಯುವುದೇ ಆಗಿದ್ದರೆ ಆ ಹೆಣ್ಣುಮಗಳ ಶೆಡ್ಡಿಗೆ ಬೀಗ ಜಡಿಸಲು ಹೊರಟಿದ್ದು ಯಾಕೆ? ಆಕೆಯ ದ್ರಾಕ್ಷಿ ಬಳ್ಳಿಯ ಮೇಲೆ ಕೊಳೆತಿದ್ದರೆ ಆಗಲೂ ಇದೇ ಬಾಯಲ್ಲಿ ನಡೀತದ ಅನ್ನುತ್ತಿದ್ದರೇನು? ಗಂಡಸು ಕುಡಿದರೆ ನಡೆಯುತ್ತದೆ. ಹೆಂಗಸು ಮಾಡಿ ಮಾರಿದರೆ ಮೋಸಗಾತಿ, ಕುಡಿದರೆ ಕುಡುಕಿ. ಮದುವೆಯಲ್ಲಿ ಅಕ್ಷತೆ ಹಾಕಿ, ಅವರ ಊಟ ಮಾಡದೆ ಬಂದೆ.

ಮೊನ್ನೆ ಕಮಲಾಪುರಕ್ಕೆ ಹೋಗಿದ್ದೆ. ಆ ಸುಗ್ಗಿಯ ವೈನು ಬಾಟಲಿಗೆ ಇಳಿದಿದೆ. ಕಟ್ಟೆಯ ಮೇಲೆ ಕೂತು ಲೋಟ ಮುಗಿಸುವಾಗ ಆಕೆ ಹೇಳಿದಳು: "ಅಕ್ಕಾರ, ನಿಮ್ಮಣ್ಣಾರು ಡ್ರೈವರನ್ನ ಕಳಿಸಿದ್ರು. ಡಜನ್ ಬೇಕಂತ. ಹೋದ ಸಲದ ರೇಟಿಗೇ ಹಾಕಲಾಕ ಹೇಳ್ಯಾರಂತ. ಕೊಸರಿಗೆ ಒಂದು ಅಂತ."

ಲೋಟ ನನ್ನ ಕೈಯಲ್ಲೇ ನಿಂತಿತು. "ಕೊಟ್ಟಿ ಏನು?"

"ಕೊಡ್ತೀನಿ ಅಂತ ಹೇಳಿ ಕಳಿಸೀನ್ರಿ. ಅದೇ ರೇಟಿಗೆ ಕೊಡ್ತೀನಿ, ಕೊಸರೂ ಕೊಡ್ತೀನಿ. ಆದ್ರ ಅವರೇ ಬರಬೇಕು. ಹಗಲ ಹೊತ್ತಿನಾಗ ಬರಬೇಕು. ನೀವು ಕುಂತೀರಲ್ಲ, ಅಲ್ಲೇ ಕುಂತು, ದಾರಿ ಕಡಿ ಮಾರಿ ಮಾಡಿ, ಒಂದು ಲೋಟ ಪೂರ್ತಿ ಕುಡಿಬೇಕು. ನೀವೇ ಹೇಳಿಬಿಡ್ರಿ ಅವರಿಗೆ."

ಆ ಮನೆಗೆ ಕಾಲಿಡಬಾರದು ಅಂದುಕೊಂಡಿದ್ದೆ. ಆದರೂ ಈ ಸಂದೇಶ ಮುಟ್ಟಿಸುವ ಸುಖ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಬಸ್ಸಿಳಿದವಳು ನೇರ ಅಣ್ಣನ ಮನೆಗೇ ಹೋದೆ. ಪಡಸಾಲೆಯಲ್ಲಿ ಕೂತಿದ್ದ. ಮುಂದೆ ನಿಂತು, ಆಕೆ ಹೇಳಿದ್ದನ್ನು ಒಂದು ಮಾತೂ ಬಿಡದೆ, ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಒಪ್ಪಿಸಿದೆ. ಬೇಕೆಂದೇ ಗಟ್ಟಿಯಾಗಿ.

ಅವನು ನನ್ನ ಮುಖ ನೋಡಲಿಲ್ಲ. "ಹುಚ್ಚರಂಗ ಮಾತಾಡಬ್ಯಾಡ. ನಾಕ ಮಂದಿ ಏನಂತಾರ?" ಎಂದ.

ಒಳಗೆ ಅತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ನಿಮಗ ನಾಚಿಕಿ ಆಗ್ತದಂದ್ರ ಬಿಡ್ರಿ" ಎಂದಳು. "ನಾಳಿ ನಾ ಹೋಗ್ತೀನಿ. ನಾನೇ ಆ ಕಟ್ಟಿ ಮ್ಯಾಲ ಕುಂತು, ನಿಮ್ಮ ಹೆಸರ ಹೇಳಿ, ಒಂದು ಲೋಟ ಕುಡದು ನಿಮ್ಮ ಡಜನ್ ತರ್ತೀನಿ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಅಣ್ಣ ಅವಳನ್ನು ನೋಡಿದ, ನನ್ನನ್ನು ನೋಡಿದ. ಎದ್ದು ಹೋಗಿ ಓಣಿಯ ಕಡೆಯ ಕಿಟಕಿ ಮುಚ್ಚಿದ.